ಪುಸ್ತಕದ ಬಸಂತರಾಯನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ವಯಸ್ಸು ಬೇಡವೇ? ಐವತ್ತೆಂಟು ತುಂಬಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಮನುಷ್ಯ. ಅಂಥವನು ಸಿಂದಗಿ ಬಸ್ ನಿಲ್ದಾಣದ ಹತ್ತಿರ ಸೀರೆಗೆ ಫಾಲ್ ಹಚ್ಚುವ ಒಬ್ಬ ಹೆಣ್ಣುಮಗಳ ಮೇಲೆ ಹೊಟ್ಟೆ ಉರಿದುಕೊಂಡು ಮೂರು ತಿಂಗಳು ನೆಟ್ಟಗೆ ರೊಟ್ಟಿ ತಿನ್ನಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನಗುವವರ ಹೊಟ್ಟೆಯಲ್ಲಿ ಏನೇನು ಉರಿಯುತ್ತಿದೆಯೋ ಯಾರಿಗೆ ಗೊತ್ತು. ನಾನು ಹೇಳುವುದು ಪುಸ್ತಕದ ಬಸಂತರಾಯನ ಸಂಗತಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅವನ ಮುಖ ನೋಡಿ ಬಣ್ಣ ಹಚ್ಚುವುದಿಲ್ಲ.

ಬಸಂತರಾಯ ಕನ್ನೊಳ್ಳಿಯವನು. ಹೊಲ ಮನೆ ಎಲ್ಲ ಇದ್ದ ಮನೆತನ. ಅಣ್ಣಂದಿರು ಒಕ್ಕಲುತನ ನೋಡಿಕೊಂಡರು, ಇವನು ಪಿಯುಸಿಯಲ್ಲಿ ಎರಡು ಸಲ ಕೂತು ಎರಡು ಸಲವೂ ಬಿದ್ದು, ಸಿಂದಗಿಯಲ್ಲಿ ಪುಸ್ತಕದ ಅಂಗಡಿ ಹಾಕಿದ. ನೋಟಬುಕ್ಕು, ಗೈಡು, ಪೆನ್ನು ಎಲ್ಲ ಇದ್ದವು, ಆದರೆ ಅವನ ಜೀವ ಇದ್ದದ್ದು ಹಿಂದಿನ ಗೋಡೆಯ ಕಪಾಟಿನಲ್ಲಿ. ಅಲ್ಲಿ ಹೊಸ ಪುಸ್ತಕಗಳು. ಕಥೆ, ಕಾದಂಬರಿ, ಕವಿತೆ, ಚರಿತ್ರೆ, ವಿಜ್ಞಾನ, ಅನುವಾದ, ಮಕ್ಕಳ ಪುಸ್ತಕ, ಯಾವುದು ಹೊಸದಾಗಿ ಅಚ್ಚಾದರೂ ಬೆಂಗಳೂರು ಧಾರವಾಡಗಳಿಂದ ಗಂಟು ಕಟ್ಟಿಸಿಕೊಂಡು ತರಿಸುತ್ತಿದ್ದ. ಓದುವವರು ಅಂಗಡಿಗೆ ಬರುವುದಿಲ್ಲವೆಂದರೆ ಅಂಗಡಿಯೇ ಓದುವವರ ಹತ್ತಿರ ಹೋಗಬೇಕು ಎಂದು, ಮೊದಲು ಲೂನಾ ಮೇಲೆ, ಆಮೇಲೆ ಸ್ಕೂಟರ್ ಮೇಲೆ, ಎರಡೂ ಕಡೆ ಚೀಲ ಕಟ್ಟಿಕೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಸುತ್ತಿದ. ಮೂವತ್ತು ವರ್ಷ ಸುತ್ತಿದ.

ಮಾರುವುದು ದೊಡ್ಡ ಮಾತಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಬಸಂತರಾಯನ ಹೆಸರು ಬೆಳೆದದ್ದು ಹೇಳುವುದರಿಂದ. ಮುಖ ನೋಡಿ ಪುಸ್ತಕ ಕೊಡುತ್ತಾನೆ ಎಂದು ಜನ ಹೇಳುತ್ತಿದ್ದರು. ಇಂಡಿಯ ನಿಂಬೆ ತೋಟದ ಗೌಡರಿಗೆ ಮಣ್ಣಿನೊಳಗಿನ ಹುಳಗಳ ಬಗ್ಗೆ ಬಂದ ಹೊಸ ಪುಸ್ತಕ ಕೊಟ್ಟ. ಅವರು ಅದನ್ನು ಓದಿ ಮನೆಗೆ ಬಂದವರಿಗೆಲ್ಲ ಎರೆಹುಳದ ಪುರಾಣ ಹೇಳತೊಡಗಿದರು. ಬಾಗೇವಾಡಿಯ ಹೆಡ್ ಮಾಸ್ತರರಿಗೆ ನಿದ್ದೆ ಬರುವುದಿಲ್ಲವೆಂದು ಪತ್ತೇದಾರಿ ಕಾದಂಬರಿ ಕೊಟ್ಟ. ಇದ್ದ ನಿದ್ದೆಯೂ ಹೋಯಿತು, ಆದರೆ ಮಾಸ್ತರರು ಖುಷಿಯಾದರು. ನಾಲತವಾಡದ ಕಿರಾಣಿ ಅಂಗಡಿಯವನಿಗೆ ಹಳೆಯ ಕಾಲದಲ್ಲಿ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಹೋಗುತ್ತಿದ್ದ ವ್ಯಾಪಾರಿಗಳ ಚರಿತ್ರೆ ಕೊಟ್ಟ. ಲಚ್ಯಾಣದಲ್ಲಂತೂ ಅವನು ಗಾಡಿ ನಿಲ್ಲಿಸಿದರೆ ಚಹಾ ತಾನಾಗಿ ಬರುತ್ತಿತ್ತು. ‘ಈ ಸಲ ಏನ್ ಓದಬೇಕ್ರಿ ರಾಯರ?’ ಎಂದು ಯಾರಾದರೂ ಕೇಳಿದರೆ ಸಾಕು, ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಇಷ್ಟು ಜನ ಕೇಳುತ್ತಿದ್ದರು, ಕೇಳಬೇಕಾದವಳು ಮಾತ್ರ ಕೇಳುತ್ತಿರಲಿಲ್ಲ. ಅವನ ಹೆಂಡತಿ ಬಾಳಮ್ಮ. ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು, ಅವಳು ಏಳನೇ ತರಗತಿ ಓದಿದವಳು, ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವಳು. ಆದರೆ ಗಂಡ ತಂದುಕೊಟ್ಟ ಪುಸ್ತಕವನ್ನು ತೆರೆಯುತ್ತಿರಲಿಲ್ಲ. ಬೇಡವೆಂದೂ ಹೇಳುತ್ತಿರಲಿಲ್ಲ. ಎರಡು ದಿನ ದೇವರ ಗೂಡಿನ ಹತ್ತಿರ ಇಟ್ಟಿರುತ್ತಿದ್ದಳು, ಮೂರನೆಯ ದಿನ ಧೂಳು ಒರೆಸಿ ಅವನ ಚೀಲಕ್ಕೆ ಹಾಕುತ್ತಿದ್ದಳು. ನಾಲ್ಕು ತಾಲ್ಲೂಕಿಗೆ ಓದು ಹಚ್ಚಿದವನ ಮನೆಯಲ್ಲಿ ಹೀಗೆ. ಒಂದೇ ಒಂದು ಸಲ ಅವಳು ತನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಓದಿ, ಚಲೋ ಐತಿ ಅಂದರೆ ಸಾಕು, ಬೇರೆ ಯಾವ ಸನ್ಮಾನವೂ ಬೇಡ ಎಂದು ಬಸಂತರಾಯನಿಗೆ ಅನ್ನಿಸುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಓದಿನ ರುಚಿ ಆಕೆಗಿಲ್ಲ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾಲ ನೂಕಿದ್ದ.

ಇನ್ನು ಅವನ ಗುಟ್ಟೊಂದನ್ನು ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಸಂತರಾಯ ಪುಸ್ತಕ ಓದುತ್ತಿರಲಿಲ್ಲ. ಅಂದರೆ ಪೂರ್ತಿ ಓದುತ್ತಿರಲಿಲ್ಲ. ಗಂಟು ಬಿಚ್ಚಿದ ಕೂಡಲೇ ಮುನ್ನುಡಿ ಓದುವುದು, ಹಿಂದಿನ ರಟ್ಟಿನ ಮೇಲಿನ ಬೆನ್ನುಡಿ ಓದುವುದು, ನಡುವೆ ಎಲ್ಲಾದರೂ ಒಂದು ಪುಟ, ಆಮೇಲೆ ಕೊನೆಯ ಪುಟ. ಇದಕ್ಕೆ ಅವನು ನಾಲ್ಕು ಮೂಲೆ ಮುಟ್ಟುವುದು ಎನ್ನುತ್ತಿದ್ದ. ಪುಸ್ತಕದ ವ್ಯಾಪಾರ ಮಾಡುವವರಲ್ಲಿ ಇದೇನು ಹೊಸದಲ್ಲ. ತಿಂಗಳಿಗೆ ನಲವತ್ತು ಪುಸ್ತಕ ಬಂದರೆ ಎಲ್ಲವನ್ನೂ ಓದುತ್ತ ಕೂತರೆ ಮಾರುವುದು ಯಾವಾಗ? ಮುನ್ನುಡಿ ಬರೆದ ದೊಡ್ಡವರು ಓದಿಯೇ ಬರೆದಿರುತ್ತಾರಲ್ಲ, ಅವರ ಮಾತನ್ನು ನಮ್ಮ ಬಾಯಲ್ಲಿ ಹೇಳಿದರೆ ತಪ್ಪೇನು? ಅವನ ನಾಲಿಗೆಯೂ ಅಂಥದ್ದೇ. ನಾಲ್ಕು ಮೂಲೆ ಮುಟ್ಟಿ ನಲವತ್ತು ನಿಮಿಷ ಮಾತಾಡುತ್ತಿದ್ದ. ಮೂವತ್ತು ವರ್ಷದಲ್ಲಿ ಒಬ್ಬರೂ ಹಿಡಿಯಲಿಲ್ಲ.

ಹೀಗಿರುವಾಗ ರಾಜಶ್ರೀ ಬಂದಳು. ಬಂದಳೇನು, ಮೊದಲಿಂದಲೂ ಇದ್ದಳು. ಅವನ ಅಂಗಡಿಯಿಂದ ಎಂಟು ಅಂಗಡಿ ದಾಟಿದರೆ ಅವಳ ಫಾಲ್ ಪಿಕೊ ಅಂಗಡಿ. ಮೂವತ್ತೈದರ ಹೆಣ್ಣುಮಗಳು, ಮಷೀನು ತುಳಿಯುತ್ತಲೇ ಮಾತಾಡುವವಳು. ಬಸಂತರಾಯನ ಅಂಗಡಿಯಿಂದಲೇ ಪುಸ್ತಕ ಒಯ್ಯುತ್ತಿದ್ದಳು, ಒಯ್ದದ್ದನ್ನು ಓದುತ್ತಿದ್ದಳು, ಸೀರೆ ಕೊಡಲು ಬಂದ ಹೆಂಗಸರಿಗೆ ಕಥೆ ಹೇಳುತ್ತಿದ್ದಳು. ಯಾರೋ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿದರು. ಅಲ್ಲಿಂದ ಪ್ರತಿ ಭಾನುವಾರ ಬೆಳಗ್ಗೆ ಒಂದು ಹೊಸ ಪುಸ್ತಕ, ಆರು ನಿಮಿಷ. ಜೋಳದ ಅಡುಗೆಗಳ ಪುಸ್ತಕ ಒಂದು ವಾರ, ಹಾವು ಕಚ್ಚಿದವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರರ ಅನುಭವ ಇನ್ನೊಂದು ವಾರ, ಸತ್ತ ಮೇಲೂ ಟಿಕೆಟ್ ಹರಿಯಲು ಬರುವ ಕಂಡಕ್ಟರನ ಭೂತದ ಕಥೆ, ಮರಾಠಿಯಿಂದ ಬಂದ ನರ್ಸ್ ಒಬ್ಬಳ ಆತ್ಮಕಥೆ, ಕಬಡ್ಡಿ ಆಡುವ ಹುಡುಗಿಯ ಚಿತ್ರಕಥೆ. ಯಾವುದಕ್ಕೆ ಯಾವುದರ ಸಂಬಂಧ? ಬಸಂತರಾಯ ಕೇಳಿ ಮೂಗು ಮುರಿದ. ಭೂತದ ಕಥೆಯನ್ನೆಲ್ಲ ಸಾಹಿತ್ಯ ಅಂದರೆ ಹೇಗೆ ಎಂದ. ಮರುವಾರ ಅದೇ ಭೂತದ ಪುಸ್ತಕವನ್ನು ಇಂಡಿಯಲ್ಲಿ ತಾನೇ ಹುಡುಕಿ ತೆಗೆದವನಂತೆ ಹೇಳಿ ಕೊಟ್ಟೂ ಬಂದ, ಅದು ಬೇರೆ ಮಾತು.

ಮೊದಲ ಕಿಡಿ ಬಿದ್ದದ್ದು ಆ ನಿಂಬೆ ತೋಟದ ಗೌಡರಿಂದ. ಬಸಂತರಾಯ ಚೀಲ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ಈ ಸಲ ಒಂದು ಅಪರೂಪದ ಕವಿತೆ ಪುಸ್ತಕ ಬಂದೈತ್ರಿ ಎಂದು ಶುರು ಮಾಡುವಷ್ಟರಲ್ಲಿ ಗೌಡರು ಅಡ್ಡ ಬಾಯಿ ಹಾಕಿದರು.

“ಅದಿರ್ಲಿ ರಾಯರ. ರಾಜಶ್ರೀ ಬಾಯಾರ ಹೇಳಿದ ಆ ಹಾವಿನ ಡಾಕ್ಟರ್ ಪುಸ್ತಕ ಐತೇನು?”

ಇತ್ತು. ಕೊಟ್ಟ. ಕೊಡುವಾಗ ಮೈಯೆಲ್ಲ ಉರಿಯಿತು. ಮುಂದೆ ನಾಲತವಾಡದಲ್ಲಿಯೂ ಅದೇ, ಬಾಗೇವಾಡಿಯಲ್ಲಿಯೂ ಅದೇ. ಮೂವತ್ತು ವರ್ಷ ಬಿಸಿಲಲ್ಲಿ ತಿರುಗಿದವನು ನಾನು, ಮಷೀನಿನ ಮುಂದೆ ಕೂತು ಫೋನಿಗೆ ಮಾತಾಡುವವಳು ಇವಳು, ಜನ ಕೇಳುವುದು ಇವಳ ಹೆಸರನ್ನು! ಇನ್ನೂ ಉರಿ ಹೆಚ್ಚಿಸುವ ಸಂಗತಿ ಎಂದರೆ, ಅವಳು ಪ್ರತಿ ವಾರ ಕೊನೆಗೆ ‘ಈ ಪುಸ್ತಕ ನಮ್ಮ ಬಸಂತರಾಯ ಕಾಕಾರ ಅಂಗಡಿಯೊಳಗ ಸಿಗ್ತೈತ್ರಿ’ ಎನ್ನುತ್ತಿದ್ದಳು. ಬೈದಿದ್ದರೆ ಜಗಳ ಆಡಬಹುದಿತ್ತು. ಹೊಗಳುವವಳ ಜೊತೆ ಏನು ಮಾಡುವುದು? ಅವನು ಒಂದೂ ವಾರ ಬಿಡದೆ ಅವಳ ಆರು ನಿಮಿಷವನ್ನು ಕದ್ದು ಕೇಳುತ್ತಿದ್ದ. ಎಲ್ಲಾದರೂ ತಪ್ಪಿದಳೇನು ಎಂದು ಕಾಯುತ್ತಿದ್ದ. ತಪ್ಪು ಸಿಗದಿದ್ದಾಗ ಇನ್ನೊಮ್ಮೆ ಕೇಳುತ್ತಿದ್ದ.

ಇಷ್ಟೇ ಆಗಿದ್ದರೆ ಅದು ವ್ಯಾಪಾರದ ಹೊಟ್ಟೆಕಿಚ್ಚು, ನಾಲ್ಕು ದಿನ ಉರಿದು ಆರುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಬಾಳಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು. ಬಸಂತರಾಯ ಬಾಗಿಲಲ್ಲೇ ನಿಂತ. ಅವನಿಗೆ ಮೊದಲು ಕಂಡದ್ದು ಅವಳ ಕಣ್ಣು. ಅತ್ತು ಒರೆಸಿಕೊಂಡ ಕಣ್ಣು.

“ಏನ್ ಓದಾಕತ್ತಿ?”

“ಪುಸ್ತಕ.”

“ಎಲ್ಲಿದು?”

“ರಾಜಶ್ರೀ ಕೊಟ್ಳು. ಜಂಪರ ಹೊಲಿಯಾಕ ಕೊಡ್ಲಿಕ್ಕೆ ಹೋಗಿದ್ನಲ್ಲ, ಆಗ.” ಹಾಳೆ ಮಡಚಿಡದೆ, ಒಂದು ದಾರದ ತುಣುಕು ಗುರುತಿಗೆ ಇಟ್ಟು ಪುಸ್ತಕ ಮುಚ್ಚಿದಳು. “ಕೈ ತೊಳ್ಕೊರ್ರಿ, ಊಟಕ್ಕ ಬಡಿಸ್ತೇನಿ.”

ಬಸಂತರಾಯ ಕೈ ತೊಳೆದ, ಕೂತ, ಎರಡು ರೊಟ್ಟಿಯಲ್ಲಿ ಒಂದನ್ನು ಬಿಟ್ಟ. ಆ ಪುಸ್ತಕ ತನ್ನ ಅಂಗಡಿಯದೇ. ತನ್ನ ಕಪಾಟಿನಿಂದ ರಾಜಶ್ರೀಯ ಕೈಗೆ ಹೋಗಿ, ಅಲ್ಲಿಂದ ತನ್ನ ಹೆಂಡತಿಯ ತೊಡೆಗೆ ಬಂದಿದೆ. ತಾನು ಇಟ್ಟರೆ ಧೂಳು ಒರೆಸಿ ವಾಪಸು, ಆಕೆ ಕೊಟ್ಟರೆ ಕಣ್ಣೀರು. ಅವನಿಗೆ ಅವಮಾನವಾಯಿತು, ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನೂ ತೋರಿಸದೆ ಎದ್ದು ಹೋದ. ಮರುದಿನ ಹಟಕ್ಕೆ ಬಿದ್ದವನಂತೆ ಒಳ್ಳೆಯ ಹೊಸ ಪುಸ್ತಕ ಮೂರು ಆರಿಸಿ ತಂದು ಅವಳ ಮುಂದಿಟ್ಟ. ಮೂರೂ ಮೂರನೆಯ ದಿನ ಅವನ ಚೀಲದಲ್ಲಿದ್ದವು.

ಬಾಳಮ್ಮ ಓದುತ್ತಿದ್ದ ಆ ಕಾದಂಬರಿಯ ಹೆಸರು ‘ಎರಡನೇ ತಾಟು’. ಹೊಸಬಳೊಬ್ಬಳು ಬರೆದದ್ದು, ಇನ್ನೂರು ಪುಟದ ಪುಸ್ತಕ. ಬಾಳಮ್ಮ ಅದನ್ನು ಒಂದು ಸಲ ಓದಿ ಮುಗಿಸಿ ಮತ್ತೆ ಮೊದಲಿಂದ ಹಿಡಿದಳು. ಸಂಜೆಯಾದರೆ ರಾಜಶ್ರೀಯ ಅಂಗಡಿಯಲ್ಲಿ ಒಂದು ತಾಸು ಕೂತು ಬರತೊಡಗಿದಳು. ಹೊಲಿಸುವುದಕ್ಕೆ ಅಷ್ಟು ಜಂಪರ ಎಲ್ಲಿವೆ? ಬಸಂತರಾಯ ಎದುರಿನ ಚಹಾದಂಗಡಿಯಲ್ಲಿ ನಿಂತು ನೋಡುತ್ತಿದ್ದ. ಮಷೀನು ನಿಂತಿರುತ್ತಿತ್ತು. ಮಾತಾಡುತ್ತಿದ್ದವಳು ಬಾಳಮ್ಮ, ಕೇಳುತ್ತಿದ್ದವಳು ರಾಜಶ್ರೀ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವಳು ಅಲ್ಲಿ ಕೈ ತಿರುಗಿಸಿ ತಿರುಗಿಸಿ ಮಾತಾಡುತ್ತಿದ್ದಳು. ನೋಡಿ ನೋಡಿ ಅವನ ಚಹಾ ಆರಿ ಹೋಗುತ್ತಿತ್ತು.

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಫೋನು ಬಂತು. ಅಲ್ಲಿ ಮಹಮ್ಮದಹನೀಫ ಎಂಬ ನಿವೃತ್ತ ಕನ್ನಡ ಮಾಸ್ತರರು ಪ್ರತಿ ಡಿಸೆಂಬರಿನಲ್ಲಿ ಓದುವವರನ್ನು ಒಂದು ಕಡೆ ಸೇರಿಸುತ್ತಿದ್ದರು. ‘ವರ್ಷದ ಹತ್ತು ಪುಸ್ತಕ’ ಎಂದು ಆ ಕಾರ್ಯಕ್ರಮ. ಹತ್ತನ್ನೂ ಹನ್ನೆರಡು ವರ್ಷದಿಂದ ಬಸಂತರಾಯನೇ ಹೇಳುತ್ತಿದ್ದ. ಒಂದು ಶಾಲು, ಒಂದು ಹಾರ, ಮಾಸ್ತರಮಂದಿಯ ಚಪ್ಪಾಳೆ. ಅದು ಅವನ ವರ್ಷದ ಹಬ್ಬ.

“ರಾಯರ, ಈ ವರ್ಷ ಐದು ನೀವ್ ಹೇಳ್ರಿ, ಐದು ಆ ರಾಜಶ್ರೀ ಹೇಳ್ಲಿ,” ಎಂದರು ಹನೀಫ ಮಾಸ್ತರರು. “ಮಂದಿ ಭಾಳ ಕೇಳಾಕತ್ತಾರ. ನಿಮಗೂ ಭಾರ ಕಡಿಮಿ.”

“ಆಗ್ಲಿ ಬಿಡ್ರಿ ಮಾಸ್ತರ, ಸಣ್ಣವರು ಮುಂದ ಬರಬೇಕು,” ಎಂದ ಬಸಂತರಾಯ. ಫೋನು ಇಟ್ಟ ಮೇಲೆ ಅಂಗಡಿಯ ಶಟರನ್ನು ಎಷ್ಟು ಜೋರಾಗಿ ಎಳೆದನೆಂದರೆ ಪಕ್ಕದವರು ಬಂದು ಏನಾಯಿತೆಂದು ಕೇಳಿದರು.

ನಾಲ್ಕು ದಿನದ ಮೇಲೆ ಅವನಿಗೆ ಒಂದು ಕೆಟ್ಟ ಬುದ್ಧಿ ಹೊಳೆಯಿತು. ರಾಜಶ್ರೀ ‘ಎರಡನೇ ತಾಟು’ ಬಗ್ಗೆ ಇನ್ನೂ ಭಾನುವಾರದ ಮಾತಿನಲ್ಲಿ ಹೇಳಿರಲಿಲ್ಲ, ಮುದ್ದೇಬಿಹಾಳಕ್ಕೆಂದು ಉಳಿಸಿಕೊಂಡಿದ್ದಾಳೆ ಎಂದು ಬಾಳಮ್ಮನ ಬಾಯಿಂದ ತಿಳಿದಿತ್ತು. ಬಸಂತರಾಯ ಕೂಡಲೇ ಮಾಸ್ತರರಿಗೆ ತನ್ನ ಐದರ ಪಟ್ಟಿ ಕಳಿಸಿದ. ಮೊದಲ ಹೆಸರೇ ‘ಎರಡನೇ ತಾಟು’. ಬಾಳಮ್ಮನ ಕಣ್ಣಲ್ಲಿ ನೀರು ತಂದ ಪುಸ್ತಕವನ್ನು ನಾನು ಹೇಳುತ್ತೇನೆ, ಅವಳೂ ಕೇಳಲಿ, ಆ ಪಿಕೊದವಳೂ ಕೇಳಲಿ. ರಾಜಶ್ರೀಗೆ ಗೊತ್ತಾದಾಗ ಜಗಳಕ್ಕೆ ಬರುತ್ತಾಳೆಂದು ಕಾದ. ಅವಳು ಅಂಗಡಿಗೆ ಬಂದು, “ಚಲೋ ಆತ್ ಬಿಡ್ರಿ ಕಾಕಾ. ನೀವ್ ಹೇಳಿದ್ರ ಇನ್ನೂ ಮಂದಿ ಓದ್ತಾರ. ನಾ ಬ್ಯಾರೇದು ಹೇಳ್ತೇನಿ,” ಎಂದು ಹೊಸ ಪುಸ್ತಕ ಒಂದನ್ನು ತೆಗೆದುಕೊಂಡು ಹೋದಳು. ಇಂಥವರಿಗೆ ಹೊಟ್ಟೆಕಿಚ್ಚನ್ನಾದರೂ ದೇವರು ಒಂದಿಷ್ಟು ಕೊಡಬಾರದಿತ್ತೇ ಎಂದು ಬಸಂತರಾಯ ಹಲ್ಲು ಕಡಿದ.

ಆಮೇಲೆ ತಯಾರಿ. ಏನು ತಯಾರಿ, ನಾಲ್ಕು ಮೂಲೆ ಮುಟ್ಟಿದ. ಮುನ್ನುಡಿ ಒಬ್ಬ ದೊಡ್ಡ ಮನುಷ್ಯರದು, ಏಳು ಪುಟ. ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಪ್ರತಿದಿನ ಊಟದ ಹೊತ್ತಿಗೆ ಅವನ ನೆನಪಿನಲ್ಲಿ ಎರಡನೆಯ ತಾಟು ಇಡುವ ಕರುಣ ಕಥೆ ಎಂದು ಬರೆದಿದ್ದರು. ನಡುವೆ ಒಂದು ಪುಟ ತೆಗೆದ. ತಾಟು ಇಟ್ಟಳು, ಬಡಿಸಿದಳು, ಕಾದಳು ಎಂದಿತ್ತು. ಕೊನೆಯ ಪುಟದಲ್ಲಿ ಅವಳು ಆ ದಿನ ಒಂದೇ ತಾಟು ತೊಳೆದಿಟ್ಟಳು ಎಂದಿತ್ತು. ಸಾಕು. ಇಷ್ಟರ ಮೇಲೆ ಅವನು ಎಂಥ ಮಾತಿನ ಗೋಪುರ ಕಟ್ಟುತ್ತಿದ್ದನೆಂದು ನಾಲ್ಕು ತಾಲ್ಲೂಕಿಗೆ ಗೊತ್ತು.

ಕಾರ್ಯಕ್ರಮದ ದಿನ ಬಾಳಮ್ಮ ತಾನೂ ಬರುತ್ತೇನೆಂದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಬಂದವಳಲ್ಲ. ಬಸಂತರಾಯನ ಜೀವ ಹಿಗ್ಗಿತು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟ. ತಾಳಿಕೋಟಿಯಲ್ಲಿ ಇಳಿದು ಚಹಾ ತಂದುಕೊಟ್ಟ. ಅವಳು ಕುಡಿದು, “ರಾಜಶ್ರೀ ಇಷ್ಟ ಮಂದಿ ಮುಂದ ಹೆಂಗ ಮಾತಾಡ್ತಾಳೋ ನೋಡಬೇಕಂತ ಬಂದ್ನಿ,” ಎಂದಳು. ಅಲ್ಲಿಂದ ಮುದ್ದೇಬಿಹಾಳದವರೆಗೆ ಅವನು ಮುಖ ಉಬ್ಬಿಸಿಕೊಂಡೇ ಕೂತ.

ಸಭೆ ತುಂಬಿತ್ತು. ಮಾಸ್ತರರು, ಶಿಕ್ಷಕಿಯರು, ಕಾಲೇಜಿನವರು, ಮುಂದಿನ ಸಾಲಿನಲ್ಲಿ ಬಾಳಮ್ಮ. ಬಸಂತರಾಯ ಎದ್ದ. ಶುರುವಿನಲ್ಲಿ ಒಂದು ನಗೆ, ಆಮೇಲೆ ದನಿ ತಗ್ಗಿಸಿ ಕಥೆ. ಆ ವಿಧವೆಯ ಒಂಟಿತನವನ್ನು ಎಷ್ಟು ಚೆಂದ ಹೇಳಿದನೆಂದರೆ ಇಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಗಂಡ ಹೋದ ಮ್ಯಾಲೂ ಆತನ ತಾಟು ಖಾಲಿ ಇಡದ ಆ ಹೆಣ್ಣುಮಗಳು,” ಎಂದು ನಿಲ್ಲಿಸಿ, ಬಾಳಮ್ಮನ ಕಡೆ ನೋಡಿದ. ಈ ಒಂದು ನೋಟಕ್ಕಾಗಿಯೇ ಅವನು ಇಷ್ಟೆಲ್ಲ ಮಾಡಿದ್ದ. ಬಾಳಮ್ಮ ಅವನನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡುತ್ತಿದ್ದಳು.

ಹನೀಫ ಮಾಸ್ತರರು ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದರು. ನಾಲತವಾಡದಿಂದ ಬಂದಿದ್ದ ರೇಣುಕಾ ಎಂಬ ಶಿಕ್ಷಕಿ ಎದ್ದು ನಿಂತಳು. ಪಾಪ, ಅವಳಿಗೂ ಸಂಕೋಚ.

“ಕಾಕಾರ, ತಪ್ಪು ತಿಳ್ಕೋಬ್ಯಾಡ್ರಿ. ನಾ ಈ ಪುಸ್ತಕ ಓದೇನಿ. ಅದರಾಗ ಗಂಡ ಸತ್ತಿಲ್ಲರಿ.”

“ಹಂಗಂದ್ರ?”

“ಮನಿಯಾಗ ಇದ್ದಾನ್ರಿ. ದಿನಾ ಆ ತಾಟಿನ್ಯಾಗ ಉಣ್ಣಾವ ಅವನಾ. ಐದನೇ ಅಧ್ಯಾಯದಾಗ ಉಪ್ಪು ಕೇಳ್ತಾನ್ರಿ. ಇನ್ನೂರು ಪುಟದಾಗ ಆಕಿ ಜೋಡಿ ಅಂವ ಆಡೂದು ಅದೊಂದಾ ಮಾತು. ಅದಕ್ಕಾ ಆಕಿ ಒಬ್ಬಾಕೀನಾ ಇದ್ದಂಗ ಅನಿಸ್ತದ್ರಿ ಓದಾವರಿಗೆ.”

ಯಾರೂ ನಗಲಿಲ್ಲ. ಮೂವತ್ತು ವರ್ಷ ಕೈಕೊಡದ ಮಾತು ಬಸಂತರಾಯನಿಗೆ ಕೈಕೊಟ್ಟಿತು. ಅವನ ಕಣ್ಣು ತಾನಾಗಿ ರಾಜಶ್ರೀಯ ಕಡೆ ಹೋಯಿತು. ಅವಳು ಒಳಗೊಳಗೇ ನಗುತ್ತಿರಬೇಕು ಎಂದುಕೊಂಡ. ಅವಳು ನಗುತ್ತಿರಲಿಲ್ಲ. ಗಾಬರಿಯಾಗಿ ಎದ್ದು ನಿಂತು, ಅವನನ್ನು ಉಳಿಸಲಿಕ್ಕೆ ಬಾಯಿ ಹಾಕಿದಳು.

“ಕಾಕಾರದು ತಪ್ಪಲ್ರಿ. ಮುನ್ನುಡಿಯೊಳಗ ಹಂಗ ಬರದಾರ್ರಿ. ಮುನ್ನುಡಿ ಬರದವರು ಓದಿಲ್ಲ.”

ಉಳಿಸಿದಳು! ಬಸಂತರಾಯ ಓದಿದ್ದು ಮುನ್ನುಡಿಯನ್ನು ಮಾತ್ರ ಎಂದು ಇಡೀ ಸಭೆಗೆ ತಿಳಿಸಿ ಉಳಿಸಿದಳು. ಈಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ನೊಬ್ಬರು ಕೆಮ್ಮಿದರು. ಉಳಿದ ನಾಲ್ಕು ಪುಸ್ತಕಗಳನ್ನು ಅವನು ಹೇಗೆ ಹೇಳಿ ಮುಗಿಸಿದನೋ ಅವನಿಗೇ ನೆನಪಿಲ್ಲ. ಆಮೇಲೆ ರಾಜಶ್ರೀ ಮಾತಾಡಿದಳು. ಚೆಂದವಾಗಿಯೇ ಮಾತಾಡಿದಳು. ಅದನ್ನು ಕೇಳುತ್ತ ಕೂರುವುದಕ್ಕಿಂತ ಬಿಸಿಲಲ್ಲಿ ಬರಿಗಾಲಲ್ಲಿ ನಿಲ್ಲುವುದು ಮೇಲು ಅನ್ನಿಸಿತು ಅವನಿಗೆ.

ಬರುವಾಗ ಬಸ್ಸಿನಲ್ಲಿ ಬಾಳಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ದೇವರ ಹಿಪ್ಪರಗಿ ದಾಟಿದ ಮೇಲೆ ಒಂದು ಮಾತು ಹೇಳಿದಳು.

“ಆ ಪುಸ್ತಕ ಪೂರ್ತಿ ಓದ್ರಿ ಒಮ್ಮೆ.”

ಮರುದಿನ ಬೆಳಗ್ಗೆ ಬಸಂತರಾಯ ಸ್ಕೂಟರು ತೆಗೆಯಲಿಲ್ಲ. ಅಂಗಡಿಯ ಹಿಂದೆ ಕುರ್ಚಿ ಹಾಕಿಕೊಂಡು ‘ಎರಡನೇ ತಾಟು’ ಹಿಡಿದ. ಓದುವುದು ಅಷ್ಟು ಕಷ್ಟವೆಂದು ಅವನಿಗೆ ಗೊತ್ತೇ ಇರಲಿಲ್ಲ. ಹತ್ತು ಪುಟ ಆಗುತ್ತಲೇ ಕೈ ಕೊನೆಯ ಪುಟಕ್ಕೆ ಹೋಗುತ್ತಿತ್ತು. ಗಿರಾಕಿ ಬಂದರೆ ಖುಷಿಯಾಗುತ್ತಿತ್ತು. ಮೊದಮೊದಲು ಅವನು ಓದಿದ್ದು ಕಥೆಗಾಗಿ ಅಲ್ಲ, ಹೊಟ್ಟೆಕಿಚ್ಚಿಗಾಗಿ. ಬಾಳಮ್ಮ ಮತ್ತು ಆ ರಾಜಶ್ರೀ ದಿನಾ ಒಂದು ತಾಸು ಮಾತಾಡುವಂಥದ್ದು ಇದರಲ್ಲಿ ಏನಿದೆ, ತನಗೆ ಕಾಣದ್ದು ಅವರಿಗೇನು ಕಂಡಿದೆ ಎಂದು ಸಾಲು ಸಾಲು ತಡಕಿದ. ನಾಲ್ಕನೆಯ ದಿನ ಕಥೆ ಅವನನ್ನು ಹಿಡಿದುಕೊಂಡಿತು. ಪುಸ್ತಕದ ಗಂಡ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಊರಿನ ತಂಟೆಯೆಲ್ಲ ಬಿಡಿಸುವವನು, ಯಾರಿಗೆ ಏನು ಬೇಕೆಂದು ಮುಖ ನೋಡಿ ಹೇಳುವವನು, ಊರಿಗೆಲ್ಲ ಬೇಕಾದವನು. ಮನೆಗೆ ಬಂದು ತಾಟಿನ ಮುಂದೆ ಕೂತರೆ ಎದುರಿಗೆ ಒಬ್ಬಳು ಇದ್ದಾಳೆಂಬುದೇ ಅವನಿಗೆ ಕಾಣುವುದಿಲ್ಲ. ಬಸಂತರಾಯ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಂತ. ಮತ್ತೆ ಒಳಗೆ ಹೋಗಿ ಓದಿದ. ಒಂಬತ್ತು ದಿನಕ್ಕೆ ಮುಗಿಯಿತು.

ಮುಗಿಸಿದ ಮಧ್ಯಾಹ್ನ ನೇರ ಮನೆಗೆ ಬಂದ. ಬಾಳಮ್ಮ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು.

“ಓದಿದೆ,” ಎಂದ.

ಅವಳು ತಲೆ ಎತ್ತಲಿಲ್ಲ. “ಗಂಡನ ಹೆಸರೇನು?”

ಬಸಂತರಾಯ ಗಲಿಬಿಲಿಗೊಂಡ. ಪಿಯುಸಿಯಲ್ಲೂ ಇಷ್ಟು ಬೆವತಿರಲಿಲ್ಲ. ಮನಸ್ಸಿನಲ್ಲೇ ಪುಟ ತಿರುವಿದ, ಮೊದಲ ಅಧ್ಯಾಯ, ಉಪ್ಪಿನ ಅಧ್ಯಾಯ, ಕೊನೆಯದು.

“ಹೆಸರಾ ಇಲ್ಲ,” ಎಂದ ಕಡೆಗೆ. “ಎಲ್ಲೂ ಹೇಳಿಲ್ಲ.”

“ಹೂಂ. ಓದೀರಿ.” ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವನು ಕೂತ.

ಕೂತ ಮೇಲಾದರೂ ಒಳ್ಳೆಯ ಮಾತು ಆಡಬಾರದೇ? ಒಂಬತ್ತು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಬಾಯಿಗೆ ಬಂತು. “ಇದರ ಬಗ್ಗೆ ಆ ರಾಜಶ್ರೀ ಮುಂದ ಏನೇನ್ ಹೇಳಿದಿ? ದಿನಾ ಒಂದು ತಾಸು?”

ಬಾಳಮ್ಮ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ. “ಆಕಿ ಕೇಳಿದ್ಳು, ಹೇಳಿದ್ನಿ. ಓದಿ ನಿಮಗೇನನಿಸ್ತು ಕಾಕು, ಅಂದ್ಳು. ನೀವು ಮೂವತ್ತೊಂದು ವರ್ಷ ಓದು ಅಂದ್ರಿ, ಏನನಿಸ್ತು ಅಂತ ಯಾವಾಗ ಕೇಳಿದ್ರಿ?”

“ನೀ ಓದಿದ್ರ ಕೇಳ್ತಿದ್ನಿ. ನಾ ಕೊಟ್ಟದ್ದು ಒಂದಾದ್ರೂ ಓದೀದಿ ಏನು?”

“ಒಂದು ಓದೇನಿ.”

ಬಸಂತರಾಯನಿಗೆ ನಂಬಿಕೆಯಾಗಲಿಲ್ಲ. ಯಾವುದು, ಯಾವಾಗ ಎಂದು ಕೇಳಿದ. ಬಾಳಮ್ಮ ಬೇಳೆಯಲ್ಲಿ ಬೆರಳಾಡಿಸುತ್ತ ಹೇಳಿದಳು.

“ಲಗ್ನಾಗಿ ಎರಡು ವರ್ಷ ಆಗಿತ್ತು, ನಮ್ಮವ್ವ ತೀರಿಕೊಂಡು ಹದಿನೈದು ದಿನ. ಬಾ ಅಂತ ಎರಡು ಸಲ ಹೇಳಿ ಕಳಿಸಿದ್ಳು, ಹಬ್ಬ ಮುಗಿಸಿ ಹೋದ್ರಾತು ಅಂತ ಕುಂತ್ನಿ ನಾ. ಹೋಗೂದ್ರಾಗ ಎಲ್ಲಾ ಮುಗಿದಿತ್ತು. ತಿರುಗಿ ಬಂದು ಇಲ್ಲೇ ಕುಂತು ಅಳಾಕತ್ತಿದ್ನಿ. ನೀವು ಹೊರಗಿಂದ ಬಂದ್ರಿ, ಚೀಲದಾಗಿಂದ ಒಂದು ಪುಸ್ತಕ ತಗದು ಕೈಯಾಗ ಇಟ್ರಿ. ತಾಯಿ ಮಗಳದು ಐತಿ, ಓದು, ಮನಸ್ಸು ಹಗುರಾಗತೈತಿ ಅಂದ್ರಿ. ನಾ ಓದಿದ್ನಿ. ಪೂರ್ತಿ ಓದಿದ್ನಿ. ಅದರಾಗ ತಾಯಿ ನೀರು ನೀರು ಅಂತ ಕರೀತಾಳ, ಮಗಳು ಪಕ್ಕದ ಕೋಲ್ಯಾಗ ಇದ್ದು ಏಳೂದಿಲ್ಲ. ಬೆಳಗಾಗೂದ್ರಾಗ ತಾಯಿ ಸತ್ತಿರ್ತಾಳ. ಆಮ್ಯಾಲ ಮಗಳು ಬದುಕೂ ತನಕ ಆ ದನಿ ಕೇಳ್ತಿರ್ತಾಳ.”

ಬಸಂತರಾಯನಿಗೆ ಆ ಪುಸ್ತಕ ನೆನಪಾಯಿತು. ಹಸಿರು ರಟ್ಟು, ಮೇಲೆ ತೊಟ್ಟಿಲಿನ ಚಿತ್ರ, ಹಿಂದೆ ‘ತಾಯಿ ಮಗಳ ಮಮತೆಯ ಮರೆಯಲಾಗದ ಕಥೆ’ ಎಂಬ ಬೆನ್ನುಡಿ. ಅದನ್ನು ಅವನು ಎಷ್ಟೋ ಜನರಿಗೆ ಕೊಟ್ಟಿದ್ದ. ತಾಯಿ ಸತ್ತವರಿಗೆಲ್ಲ ಹುಡುಕಿ ಹುಡುಕಿ ಕೊಟ್ಟಿದ್ದ. ಅವರು ಯಾರೂ ತಿರುಗಿ ಬಂದು ಏನೂ ಹೇಳಿರಲಿಲ್ಲ. ಹೇಳುವಂಥ ಮಾತೂ ಅಲ್ಲವಲ್ಲ ಅದು. ಅವನ ಕೈ ಮೊರದ ಅಂಚನ್ನು ಹಿಡಿದುಕೊಂಡಿತು. ಇಷ್ಟು ದಿನ ಉರಿದ ಹೊಟ್ಟೆಯಲ್ಲಿ ಈಗ ಉರಿಯೂ ಇರಲಿಲ್ಲ.

“ಬಾಳಾ, ನಾ ಅದನ್ನ ಓದಿದ್ದಿಲ್ಲ,” ಎಂದ.

“ಗೊತ್ತೈತಿ,” ಎಂದಳು ಬಾಳಮ್ಮ. “ಓದಿದ್ರ ನೀವು ಅದನ್ನ ನನಗ ಕೊಡ್ತಿದ್ದಿಲ್ಲ.”